ಸರಾಸರಿ ಬಾಗಿಲು

ಬಿದಿರುಮೆಳೆಗಳ ಕಾಡೊಂದರ ನಡುವೆ ಮಣ್ಣಿನ ದಿಬ್ಬವೊಂದಿತ್ತು. ಒಳಗೆಲ್ಲ ಪೊಳ್ಳು. ಕಾಳ್ಗಿಚ್ಚು ಎದ್ದರೆ ಪ್ರಾಣಿಗಳಿಗೆ ಅದೇ ಆಸರೆ. ಅದಕ್ಕೆ ಎಷ್ಟು ಬಾಗಿಲು ಅಂತೀರಿ? ಒಬ್ಬೊಬ್ಬರಿಗೆ ಒಂದೊಂದು. ಮರಿ ಬೆಳೆದು ನಿಂತಾಗ ತಾಯಿ ಅದನ್ನು ದಿಬ್ಬಕ್ಕೆ ಒರಗಿಸಿ, ಮೈಯಗಲ ನೋಡಿ, ಬಾಗಿಲು ಬಗೆದುಕೊಡುತ್ತಿದ್ದಳು. ಅದು ಆ ಕಾಡಿನ ಪದ್ಧತಿ.

ದೂಮಣ್ಣ ಎಂಬ ಮುದಿ ಕಾಡುಹಂದಿಗೆ ತನ್ನ ಬಾಗಿಲೆಂದರೆ ಪ್ರಾಣ. ಅವ್ವ ಸತ್ತು ಎಷ್ಟೋ ಮಳೆಗಾಲ ಕಳೆದಿದ್ದರೂ ಅವಳ ಮೂತಿಯ ಗುರುತು ಅಂಚಿನಲ್ಲಿ ಹಾಗೇ ಇತ್ತು. "ಉಸಿರು ಬಿಗಿಹಿಡಿಯಬೇಡ ಮಗಾ, ಇರೋ ಹಾಗೇ ನಿಲ್ಲು" ಎಂದು ಅವತ್ತು ಅವಳು ಹೇಳಿದ್ದು ನೆನಪಾದರೆ ಅವನು ಆ ಗುರುತಿಗೆ ತನ್ನ ಮೂತಿ ತಾಗಿಸಿ ನಿಲ್ಲುತ್ತಿದ್ದ.

ಹೀಗಿರುವಾಗ ಪಟ್ಟಣದಿಂದ ಕೆಂಚರಾಯ ಎಂಬ ನರಿ ಬಂದ. ಅಲ್ಲಿ ಅವನು ದಂಡಿನ ಕಚೇರಿಯ ಜಗಲಿ ಕೆಳಗೆ ಇದ್ದನಂತೆ. ದೊರೆಗಳು ಸಿಪಾಯಿಗಳ ಎದೆಯಳತೆ ತೆಗೆದು, ಎಲ್ಲ ಕೂಡಿಸಿ ಭಾಗಿಸಿ ಬೆರಗಾಗುತ್ತಿದ್ದ ಕಾಲ ಅದು. ಆ ವಿದ್ಯೆಯನ್ನು ನರಿ ಅಷ್ಟಿಷ್ಟು ಕದ್ದು ಕೇಳಿದ್ದ.

"ಇಷ್ಟೊಂದು ಬಾಗಿಲಿದ್ದರೆ ಚಿರತೆ ನುಗ್ಗದೆ ಇರುತ್ತಾ? ಒಂದೇ ಸಾಕು. ಕಾಯೋಕೆ ನಾನಿದ್ದೀನಿ. ದಿನಾ ಒಂದಿಷ್ಟು ತಿನ್ನೋಕೆ ಕೊಡಿ" ಎಂದ.

ಚಿರತೆಯ ಹೆಸರು ಕೇಳಿ ಎಲ್ಲರೂ ಒಪ್ಪಿದರು. ನರಿ ಬಳ್ಳಿ ಹಿಡಿದು ಪ್ರತಿಯೊಬ್ಬರ ಸುತ್ತಳತೆ ತೆಗೆದ. ತುಂಡುಗಳನ್ನೆಲ್ಲ ಗಂಟುಹಾಕಿ ಉದ್ದ ಮಾಡಿ, ಎಷ್ಟು ಪ್ರಾಣಿಯೋ ಅಷ್ಟು ಮಡಿಕೆ ಮಡಚಿದ. ಮಡಿಕೆಯ ಅಳತೆ ನರಿಯ ನಡುವಿಗೇ ಸರಿಹೋಯಿತು. ಹೋಗದೆ ಏನು? ಅಳತೆ ತನ್ನ ನಡುವಿಗೆ ಇಳಿಯಬೇಕಾದರೆ ಲೆಕ್ಕಕ್ಕೆ ಎಷ್ಟು ಇಲಿಗಳನ್ನು ಸೇರಿಸಬೇಕು ಅಂತ ಆ ಖದೀಮನಿಗೆ ಗೊತ್ತಿತ್ತು.

"ಇದು ಯಾರ ಅಳತೆ?" ಎಂದಳು ಮೊಲ ಚಿಗುರವ್ವ.

"ಸರಾಸರಿ ಪ್ರಾಣಿಯದು."

"ಅವನ ಮನೆ ಎಲ್ಲಿ?"

"ಎಲ್ಲೂ ಇಲ್ಲ. ಆದರೂ ನಾವೆಲ್ಲ ಅವನ ಹಾಗೇ ಇರಬೇಕು."

"ನಾನು ಇದರಲ್ಲಿ ಹಿಡಿಸಲ್ಲವಲ್ಲಪ್ಪ" ಎಂದ ದೂಮಣ್ಣ, ಮೆಲ್ಲಗೆ.

"ಹಾಗಾದರೆ ತಪ್ಪು ಬಾಗಿಲದ್ದಲ್ಲ, ನಿನ್ನದು. ಮೈ ಇಳಿಸು" ಎಂದ ನರಿ. ಎಲ್ಲರೂ ನಕ್ಕರು.

ಆ ಅಳತೆಗೆ ಒಂದೇ ಹೊಸ ಬಾಗಿಲು ಬಗೆದು, ಹಳೆಯ ಬಾಗಿಲುಗಳಿಗೆಲ್ಲ ಮಣ್ಣು ತುಂಬಿದರು. ಅವ್ವನ ಬಾಗಿಲು ಮುಚ್ಚುವಾಗ ದೂಮಣ್ಣ ನೋಡಲಾರದೆ ಮುಖ ತಿರುಗಿಸಿದ. ಆಮೇಲೆ ಗೆಡ್ಡೆಗೆಣಸು ಬಿಟ್ಟ, ಹೊಟ್ಟೆ ಕಟ್ಟಿದ. ಸಂಜೆಯಾದರೆ ಉಸಿರು ಬಿಗಿಹಿಡಿದು ಹೊಸ ಬಾಗಿಲಿಗೆ ತಲೆ ತೂರಿಸುತ್ತಿದ್ದ. ಹೆಗಲೇ ಹೋಗುತ್ತಿರಲಿಲ್ಲ. ಮೂಳೆ ಇಳಿಯುತ್ತದೆಯೇ ಪಾಪ! ಇತ್ತ ಕಾವಲಿನ ನರಿ ಕೂತಲ್ಲೇ ತಿಂದು ತಿಂದು ಊದಿದ.

ಬೇಸಿಗೆ ಬಂತು, ಬಿದಿರಿಗೆ ಬಿದಿರು ಉಜ್ಜಿ ಕಿಚ್ಚು ಹತ್ತಿತು. ಎಲ್ಲರಿಗಿಂತ ಮೊದಲು ನರಿಯೇ ಬಾಗಿಲಿಗೆ ನುಗ್ಗಿದ, ಅರ್ಧ ಹೋಗಿ ಸಿಕ್ಕಿಕೊಂಡ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವನ ಬೆನ್ನ ಹಿಂದೆ ಮರಿಗಳು ಅಳತೊಡಗಿದವು. ಹೊಗೆ ಹತ್ತಿರ ಬಂತು.

ದೂಮಣ್ಣ ಅವ್ವನ ಬಾಗಿಲಿದ್ದ ಜಾಗಕ್ಕೆ ಓಡಿದ. ಒಮ್ಮೆ ಬಗೆದ ಮಣ್ಣು ಮೆತ್ತಗಿತ್ತು. ಮೂತಿ ಊರಿ ಬಗೆದ, ಬಗೆದೇ ಬಗೆದ. ಹಂದಿ ಹಿಡಿಸುವ ಬಾಗಿಲಲ್ಲಿ ಇನ್ಯಾರು ಹಿಡಿಸುವುದಿಲ್ಲ? ಎಲ್ಲರೂ ಒಳಗೆ ಬಂದರು.

"ದೂಮಣ್ಣ, ನನ್ನ ಬಾಲ ಸುಡ್ತಿದೆ" ಎಂದು ನರಿ ಗೋಗರೆದ. ದೂಮಣ್ಣ ಒಳಗಿನಿಂದಲೇ ಅವನ ಸುತ್ತ ಮಣ್ಣು ಸಡಿಲಿಸಿ, ಕಿವಿ ಕಚ್ಚಿ ಎಳೆದುಕೊಂಡ. ಬಾಲದ ಕುಚ್ಚು ಮಾತ್ರ ಬೂದಿಯಾಯಿತು.

ಮೊದಲ ಮಳೆ ಬಿದ್ದಾಗ ಎಲ್ಲರೂ ತಮ್ಮ ತಮ್ಮ ಬಾಗಿಲು ಮತ್ತೆ ಬಗೆದರು. ಕೊನೆಗೆ ನರಿಯೂ ಬಂದ. ಅವನಿಗೆ ಬಾಗಿಲು ಬಗೆಯಲು ಅಲ್ಲಿ ತಾಯಿಯಿರಲಿಲ್ಲ. ನಾಚಿಕೆಯಿಂದ ಹೊಟ್ಟೆ ಒಳಗೆಳೆದುಕೊಂಡು ದಿಬ್ಬಕ್ಕೆ ಒರಗಿದ.

"ಉಸಿರು ಬಿಗಿಹಿಡಿಯಬೇಡ ಮಗಾ" ಎಂದ ದೂಮಣ್ಣ, ಮೂತಿಯನ್ನು ಮಣ್ಣಿಗೆ ಊರುತ್ತ. "ಇರೋ ಹಾಗೇ ನಿಲ್ಲು."

ನೀತಿ: ಸರಾಸರಿ ಲೆಕ್ಕಕ್ಕೆ ಮಾತ್ರ ಸರಿ, ಎಲ್ಲರನ್ನೂ ಅದೇ ಅಳತೆಯಲ್ಲಿ ತೂರಿಸಲು ಹೊರಟವನು ಕೊನೆಗೆ ತಾನೇ ಸಿಕ್ಕಿಕೊಳ್ಳುತ್ತಾನೆ.