ಕಾಫಿಗೆ ಬಿದ್ದ ಮರದ ಹುಡಿ

ಅಮಲ್ದಾರ ತಿರುನಾರಾಯಣಯ್ಯನವರ ಹಿತ್ತಿಲಿನ ರಸಪುರಿ ಮಾವಿನ ಮರಕ್ಕೆ ಕೊರೆಯುವ ಹುಳ ಬಿದ್ದಿತ್ತು. ಎಂದರೆ, ಮರದೊಳಗೇ ಕೂತು ತಿಂದು, ಹುಡಿಯನ್ನು ತೂತಿನಿಂದ ಹೊರಗೆ ತಳ್ಳುವ ಹುಳ. ತೂತಿಗೆ ತಂತಿ ತೂರಿಸಿ ಅದನ್ನು ಎಳೆದು ತೆಗೆಯಬೇಕು. ಹಾಗಾಗಿ ಮಾಲಿ ತಂತಿ ಹಿಡಿದು ಬಂದ.

“ನಮ್ಮಪ್ಪ ನೆಟ್ಟ ಮರಕ್ಕೆ ಚುಚ್ತೀಯೇನೋ? ಎಲೆ ಹಸುರಾಗಿದೆ, ಹುಳ ಎಲ್ಲಿಂದ ಬಂತು? ನನ್ನ ಅಪ್ಪಣೆ ಇಲ್ಲದೆ ಮುಟ್ಟಬೇಡ. ಮರ ಒಣಗಿತೋ, ನಿನ್ನ ಕೆಲಸ ಹೋಯ್ತು!” ಎಂದು ಅಮಲ್ದಾರರು ಗದರಿದರು.

ಮಾಲಿಗೆ ಕೆಲಸಕ್ಕಿಂತ ಮರದ ಚಿಂತೆಯೇ ಹೆಚ್ಚು, ಏಕೆಂದರೆ ಇಪ್ಪತ್ತು ವರ್ಷ ನೀರೆರೆದವನು ಅವನೇ. ಮರುದಿನ ಬೆಳಿಗ್ಗೆ ಅಮಲ್ದಾರರು ದಿನವೂ ಮರದಡಿ ಕಾಫಿಗೆ ಕೂರುವ ಒರಗು ಕುರ್ಚಿಯನ್ನು ಮೂರು ಮೊಳ ಸರಿಸಿ, ತೂತಿದ್ದ ಕೊಂಬೆಯ ಕೆಳಗೇ ಹಾಕಿದ.

ಅಮಲ್ದಾರರು ಕಾಫಿ ಎತ್ತಿದರು. ಮೇಲಿನಿಂದ ಹುಡಿ ಉದುರಿ ಲೋಟಕ್ಕೆ ಬಿತ್ತು. ಎರಡನೆಯ ಲೋಟ ತರಿಸಿದರು. ಅದಕ್ಕೂ ಬಿತ್ತು.

“ಯಾವನೋ ಅವನು ಮೇಲೆ? ಹಿಡಿದೆಳೆದು ನನ್ನ ಮುಂದೆ ನಿಲ್ಲಿಸು!”

“ಅಪ್ಪಣೆ, ಬುದ್ಧಿ,” ಎಂದು ಮಾಲಿ ತಂತಿಯೊಂದಿಗೆ ಮರ ಹತ್ತಿದ.

ಸ್ವಲ್ಪ ಹೊತ್ತಿಗೆ ಬೆರಳುದ್ದದ ಬಿಳಿ ಹುಳವೊಂದು ಲೋಟದ ಪಕ್ಕದಲ್ಲಿ ಹೊರಳಾಡುತ್ತಿತ್ತು.

“ಆಸಾಮಿ ಹಾಜರು, ಬುದ್ಧಿ. ನಿಲ್ಲಿಸೋಣ ಅಂದ್ರೆ ಕಾಲೇ ಇಲ್ಲ.”

ಅಮಲ್ದಾರರು ಹುಳವನ್ನು ನೋಡಿದರು. ಹುಲ್ಲಿನ ಮೇಲೆ ಕುರ್ಚಿಯ ಹಳೆಯ ಗುರುತನ್ನೂ ನೋಡಿದರು. ಮೀಸೆಯೊಳಗೇ ನಕ್ಕರು.

“ಉಳಿದ ತೂತುಗಳನ್ನೂ ನೋಡು. ಮೊದಲು ನನ್ನ ಕುರ್ಚಿ ಎಲ್ಲಿತ್ತೋ ಅಲ್ಲಿಗೆ ಹಾಕು, ಕಾಫಿ ಕುಡೀಬೇಕು.”