ಉಪ್ಪಿನ ಗದ್ದೆಯಲ್ಲಿ ಗಾಳಿ ನಿಂತ ಹೊತ್ತು

“ತಾಯಿ, ಮನಸ್ಸು ಪೂರ್ತಿ ಶಾಂತವಾದ ಮೇಲೆ ಇನ್ನು ಎಲ್ಲಿಗೆ ನಡೆಯಬೇಕು?” ಎಂದು ಶಿಷ್ಯ ಕೇಳಿದ.

ಊರಿಂದ ಊರಿಗೆ ನಡೆಯುವ ಗುರುಮಾತೆ ಅವರು. ಹೊಳೆ ದಡದ ಮಂಟಪದಲ್ಲಿ ಒಂಬತ್ತು ದಿನ ತಂಗಿದ್ದಾಗಿತ್ತು. ಅವರ ಲೆಕ್ಕದಲ್ಲಿ ಅದೇ ಹೆಚ್ಚು. ಉಳಿದ ಶಿಷ್ಯರು ಗಂಟು ಕಟ್ಟುತ್ತಿದ್ದರು. ಇವನೊಬ್ಬ ಮಾತ್ರ ಸುತ್ತಿಟ್ಟ ಚಾಪೆಯನ್ನು ಮತ್ತೆ ಹಾಸಿ ಕೂತಿದ್ದ.

“ಒಂಬತ್ತು ದಿನದಿಂದ ಒಳಗೆ ಒಂದು ಅಲೆಯೂ ಎದ್ದಿಲ್ಲ. ಇಷ್ಟು ವರ್ಷ ನಿಮ್ಮ ಹಿಂದೆ ನಡೆದದ್ದು ಇದಕ್ಕೇ ಅಲ್ಲವೇ? ನಾನು ಇಲ್ಲೇ ಉಳಿಯುತ್ತೇನೆ.”

ಗುರುಮಾತೆ ಹೆಗಲ ಮೇಲಿದ್ದ ಗಂಟನ್ನು ಇಳಿಸಿದರು. “ಉಳಿಯುವೆಯಂತೆ. ಮೊದಲು ಒಂದು ಕತೆ ಕೇಳು,” ಎಂದು ಹೇಳತೊಡಗಿದರು.

ಕಡಲಂಚಿನಲ್ಲಿ ಒಬ್ಬ ಉಪ್ಪು ಬೆಳೆಯುವವನಿದ್ದ. ಉಪ್ಪಿನ ಗದ್ದೆಗಳ ನಡುವೆ ಒಂದು ಮಣ್ಣಿನ ಏರಿ, ಏರಿಯ ಮೇಲೆ ಅವನ ಗುಡಿಸಲು. ಮನೆಯಲ್ಲಿ ಹೆಂಡತಿ, ಮೊಣಕಾಲು ಹೋದ ತಾಯಿ, ಏಳು ವರ್ಷದ ಮಗಳು, ಇನ್ನೂ ಮೊಲೆ ಬಿಡದ ಕೂಸು.

ಒಂದು ಸಂಜೆ ಡಂಗುರದವನು ಬಂದ. ಕಡಲು ಕೆಟ್ಟಿದೆ, ಎಲ್ಲರೂ ದಿಬ್ಬದ ಮೇಲಿನ ಕಲ್ಲಿನ ಛತ್ರಕ್ಕೆ ಹೊರಡಿ ಎಂದು ಸಾರಿದ. ಅಕ್ಕಪಕ್ಕದವರು ಮಡಕೆ ಕುಡಿಕೆ ಹೊತ್ತು ಹೊರಟರು. ಉಪ್ಪಿನವನು ಹೊರಡಲಿಲ್ಲ. ಅವನ ಗದ್ದೆಯಲ್ಲಿ ಅಂದೇ ಉಪ್ಪು ಹೆಪ್ಪುಗಟ್ಟಿತ್ತು.

“ಬೆಳಿಗ್ಗೆ ಇದನ್ನು ಎಳೆದು ರಾಶಿ ಹಾಕಿಬಿಡುತ್ತೇನೆ. ಆಮೇಲೆ ಹೋಗೋಣ,” ಎಂದ.

“ಕಡಲಿಗೆ ಹೇಳಿ ಬಂದಿದ್ದೀರಾ, ಅಲ್ಲಿವರೆಗೆ ತಡೆದಿರು ಅಂತ?” ಎಂದಳು ಹೆಂಡತಿ.

“ಬಿಡು ಮಗಳೇ,” ಎಂದಳು ಅತ್ತೆ. “ನಿನ್ನನ್ನು ನೋಡಲು ಬಂದ ದಿನವೂ ಇವನು ಮೊದಲು ನೋಡಿದ್ದು ನಿಮ್ಮ ಮನೆಯ ಉಪ್ಪಿನ ಗಡಿಗೆಯನ್ನು.”

“ಉಪ್ಪು ಚೆನ್ನಾಗಿತ್ತು,” ಎಂದ ಅವನು. ಸುಳ್ಳಾಡುವ ಮನುಷ್ಯನಲ್ಲ.

ಬೆಳಗಾಗುವಷ್ಟರಲ್ಲಿ ನೆಲದ ಕಡೆಯಿಂದ ಗಾಳಿ ಎದ್ದಿತು. ಏರಿಯ ಮೇಲೆ ಕಾಲೂರುವ ಹಾಗಿರಲಿಲ್ಲ. ಹೆಂಡತಿ ಕೂಸನ್ನು ಉಪ್ಪು ಹೊರುವ ಬುಟ್ಟಿಯಲ್ಲಿ ಮಲಗಿಸಿ, ಬುಟ್ಟಿಯ ಮೇಲೆ ತಾನು ಬಾಗಿ ಕೂತಳು. ಅತ್ತೆ, ಮಗಳು, ಗಂಡ ಗೋಡೆಗೆ ಅಂಟಿಕೊಂಡರು. ಸೂರು ಒಂದೇ ಸಲಕ್ಕೆ ಎದ್ದು, ಇಡಿಯಾಗಿ, ಕಡಲ ಕಡೆಗೆ ಹೊರಟುಹೋಯಿತು. ಆಮೇಲೆ ಮಳೆ ಅಡ್ಡಡ್ಡ ಬಂದು ಬಡಿಯಿತು. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಲಿಲ್ಲ. ಬಾಯಿ ತೆರೆದದ್ದು ಮಾತ್ರ ಕಾಣುತ್ತಿತ್ತು.

ನಡುಹಗಲಿಗೆ ಗಾಳಿ ನಿಂತಿತು. ಇಳಿದು ನಿಂತದ್ದಲ್ಲ, ಹಾಗೇ ನಿಂತುಬಿಟ್ಟಿತು.

ಹೆಂಡತಿ ತಲೆ ಎತ್ತಿದಳು. ನೆತ್ತಿಯ ಮೇಲೆ ದುಂಡಗೆ ನೀಲಿ ಆಕಾಶ, ಅದರ ನಡುವೆ ಸೂರ್ಯ. ಸುತ್ತಲೂ, ಕಣ್ಣು ಹೋಗುವಷ್ಟು ದೂರದಲ್ಲಿ, ಮೋಡ ಗೋಡೆಯಾಗಿ ಎದ್ದು ನಿಂತಿತ್ತು. ಬಿಳಿಯ ಗೋಡೆ. ಎಲ್ಲಿಯೂ ಸಂದಿಲ್ಲ. ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದ ಹಾಗಿತ್ತು. ಆದರೆ ಈ ಬಾವಿಯೊಳಗೆ ಕಡಲಿತ್ತು, ಊರಿತ್ತು, ದಿಬ್ಬವಿತ್ತು. ಎಷ್ಟೋ ಹೊತ್ತು ಅವಳಿಗೆ ಹೆದರಿಕೆ ನೆನಪಾಗಲಿಲ್ಲ. ಕೈ ಮುಗಿಯಬೇಕೆಂದೂ ತೋಚಲಿಲ್ಲ. ಕೂಸು ಕೂಡ ಅಳು ನಿಲ್ಲಿಸಿ ಮೇಲೆ ನೋಡುತ್ತಿತ್ತು.

ಗಂಡ ಮೇಲೆ ನೋಡಲಿಲ್ಲ. ಗದ್ದೆ ನೋಡಿದ. ಉಪ್ಪುನೀರಿನ ಮೇಲೆ ಬಿದ್ದ ಮಳೆನೀರು ಸ್ವಲ್ಪ ಹೊತ್ತು ಬೆರೆಯದೆ ಮೇಲೇ ನಿಲ್ಲುತ್ತದೆ. ಅಷ್ಟರೊಳಗೆ ಏರಿಯನ್ನು ಕಡಿದು ಮೇಲುನೀರನ್ನು ಹೊರಗೆ ಬಿಟ್ಟರೆ ಕೆಳಗಿನ ಉಪ್ಪುನೀರು ಉಳಿಯುತ್ತದೆ, ತಡವಾದರೆ ಇಡೀ ಗದ್ದೆ ಸಪ್ಪೆ. ಮಳೆ ನಿಂತೊಡನೆ ಗುದ್ದಲಿ ಹಿಡಿದು ಓಡುವುದು ಅವನ ಅಜ್ಜನ ಕಾಲದ ರೂಢಿ. ಅವನು ಓಡಿದ.

ಅವನನ್ನು ಕರೆಯಲು ಹೆಂಡತಿ ಹೊರಗೆ ಬಂದಳು. ಏರಿ ಬೆಳ್ಳಗಿತ್ತು. ಉಪ್ಪು ಎಂದುಕೊಂಡಳು. ಹತ್ತಿರ ಹೋದರೆ ಹಕ್ಕಿಗಳು. ಸಾವಿರಾರು. ಎಂದೂ ದಡಕ್ಕೆ ಬಾರದ, ನಡುಗಡಲಿನ, ಉದ್ದ ರೆಕ್ಕೆಯ ಹಕ್ಕಿಗಳು. ಕೂಗಿಲ್ಲ, ಕದಲಿಕೆಯಿಲ್ಲ. ಅವಳು ನಡೆದರೆ ದಾರಿಯನ್ನೂ ಬಿಡಲಿಲ್ಲ. ಬಗ್ಗಿ ಒಂದನ್ನು ಎತ್ತಿಕೊಂಡಳು. ಅದು ಕೊಸರಲಿಲ್ಲ. ಅಂಗೈಯಲ್ಲಿ ಅದರ ಎದೆ ಮಾತ್ರ ಡವಡವ ಎನ್ನುತ್ತಿತ್ತು. ಅವಳು ಇನ್ನೊಮ್ಮೆ ಸುತ್ತಲಿನ ಬಿಳಿಯ ಗೋಡೆಯನ್ನು ನೋಡಿದಳು. ಹಕ್ಕಿಯನ್ನು ಹಿಡಿದೇ ಗಂಡನ ಕಡೆಗೆ ಬಿರಬಿರನೆ ನಡೆದಳು.

ಗಂಡ ಆಗಲೇ ಏರಿಯನ್ನು ಕಡಿದಿದ್ದ. ನೀರು ಭೋರೆಂದು ಹೊರಗೆ ಹೋಗುತ್ತಿತ್ತು.

“ನಡೆಯಿರಿ, ಛತ್ರಕ್ಕೆ,” ಎಂದಳು.

“ಹುಚ್ಚೇ ನಿನಗೆ? ಗಾಳಿ ಹೋಯಿತು. ಇನ್ನು ಅರ್ಧ ಗಳಿಗೆ ಕೊಡು, ಗದ್ದೆ ಉಳಿಯುತ್ತದೆ.”

ಅವಳು ಹಕ್ಕಿಯನ್ನು ಅವನ ಮುಖದ ಮುಂದೆ ಹಿಡಿದಳು. “ನಿಮಗೆ ಇಂಥ ರೆಕ್ಕೆಯಿದ್ದು, ಗಾಳಿ ಹೋಗಿದ್ದರೆ, ಈಗ ಏನು ಮಾಡುತ್ತಿದ್ದಿರಿ?”

“ಮನೆಗೆ ಹೋಗುತ್ತಿದ್ದೆ.”

“ಇವು ಯಾಕೆ ಹೋಗುತ್ತಿಲ್ಲ?”

ಅವನು ಹಕ್ಕಿಯನ್ನು ನೋಡಿದ. ಏರಿಯುದ್ದಕ್ಕೂ ಕೂತ ಹಕ್ಕಿಗಳನ್ನು ನೋಡಿದ. ಅಂದು ಮೊದಲ ಬಾರಿಗೆ ತಲೆಯೆತ್ತಿ ಆಕಾಶ ನೋಡಿದ. ಗುದ್ದಲಿ ಕೈಯಿಂದ ಜಾರಿತು.

ತಾಯಿಯನ್ನು ಬೆನ್ನ ಮೇಲೆ ಹೊತ್ತ. ಹೆಂಡತಿ ಬುಟ್ಟಿಯನ್ನು ತಲೆಗೇರಿಸಿದಳು. ಮಗಳು ಅಮ್ಮನ ಕೈಯಲ್ಲಿದ್ದ ಹಕ್ಕಿಯನ್ನು ಬಿಟ್ಟು ಬರುವುದಿಲ್ಲ ಎಂದಳು, ಎದೆಗವಚಿಕೊಂಡು ನಡೆದಳು. ದಿಬ್ಬಕ್ಕೆ ಇದ್ದ ದಾರಿ ಆ ಏರಿಯೊಂದೇ. ಅದನ್ನು ಅವನೇ ಕಡಿದು ಕೂತಿದ್ದ.

“ಭೇಷ್ ಮಗನೇ,” ಎಂದಳು ಬೆನ್ನ ಮೇಲಿದ್ದ ಮುದುಕಿ. “ಚೆನ್ನಾಗಿ ಅಗೆದಿದ್ದೀಯ.”

ಅವನು ತಾಯಿಯನ್ನು ಏರಿಯ ಮೇಲೆ ಕೂರಿಸಿ ಕಂಡಿಗೆ ಇಳಿದ. ಎದೆಮಟ್ಟ ನೀರು, ಎಳೆತ ಬೇರೆ. ಕಾಲನ್ನು ಕೆಸರಿನಲ್ಲಿ ಹೂತು ನಿಂತು ತಾಯಿಯನ್ನು ದಾಟಿಸಿದ, ಬುಟ್ಟಿಯನ್ನು ದಾಟಿಸಿದ, ಮಗಳನ್ನು ದಾಟಿಸಿದ. ಹೆಂಡತಿ ಅವನ ಹೆಗಲ ಮೇಲೆ ಕಾಲಿಟ್ಟು ದಾಟಿದಳು. ಹಿಂದಿರುಗಿ ಕೈ ಕೊಟ್ಟು ಅವನನ್ನು ಮೇಲಕ್ಕೆಳೆದಳು. ಬಿಸಿಲು ಹಿತವಾಗಿತ್ತು. ಅಂಥ ಬಿಸಿಲಿನಲ್ಲಿ ಅವಸರ ಮಾಡುವುದಕ್ಕೆ ನಾಚಿಕೆಯಾಗಬೇಕು, ಹಾಗಿತ್ತು. ಹಕ್ಕಿಗಳ ನಡುವೆ ಹೆಜ್ಜೆ ಹುಡುಕಿ ಇಡುತ್ತ ಅವರು ನಡೆದರು. ಮೋಡದ ಗೋಡೆ ಅವರ ಹಿಂದೆ, ಕಡಲ ಕಡೆಯಿಂದ, ಸದ್ದಿಲ್ಲದೆ ಹತ್ತಿರವಾಗುತ್ತಿತ್ತು.

ಛತ್ರದ ಕೊನೆಯ ಮೆಟ್ಟಿಲ ಮೇಲಿದ್ದಾಗ ಗಾಳಿ ಬಂತು. ಈ ಸಲ ಕಡಲಿನಿಂದ. ಬರುವಾಗ ಕಡಲನ್ನೂ ಕರೆದುಕೊಂಡು ಬಂತು. ಒಳಗಿದ್ದವರು ಕೈ ಚಾಚಿ ಅವರನ್ನು ಎಳೆದುಕೊಂಡು ಬಾಗಿಲು ಹಾಕಿದರು. ಬಾಗಿಲ ಸಂದಿನಿಂದ ಹೆಂಡತಿ ನೋಡಿದಳು. ಏರಿ, ಗುಡಿಸಲಿನ ಗೋಡೆ, ಉಪ್ಪಿನ ಗದ್ದೆ ಒಂದೂ ಇರಲಿಲ್ಲ. ಇದ್ದದ್ದು ನೀರು, ದಿಬ್ಬದ ಬುಡದವರೆಗೂ.

ಮರುದಿನ ಬೆಳಿಗ್ಗೆ ಮತ್ತೆ ನಿಶ್ಶಬ್ದವಾಯಿತು. ಜನ ಬಾಗಿಲಿಗೆ ನುಗ್ಗಿದರು. ಉಪ್ಪಿನವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ತಡೆಯಿರಿ, ನನ್ನ ಮಗಳ ಹಕ್ಕಿಯನ್ನು ಕೇಳೋಣ,” ಎಂದ. ಕೆಲವರು ನಕ್ಕರು. ಹಕ್ಕಿ ಮಗಳ ಮಡಿಲಲ್ಲಿ ಕೂತೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅದು ಕತ್ತೆತ್ತಿ ಅವಳ ಬೆರಳನ್ನು ಕುಕ್ಕಿತು.

“ಅಪ್ಪಾ, ಕಚ್ಚಿತು!” ಎಂದಳು ಮಗಳು.

ಅವನು ಬಾಗಿಲು ತೆರೆದ. ದಿಬ್ಬದ ಇಳಿಜಾರಿನಲ್ಲಿ ಉಳಿದಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಮಡಿಲಿನದೂ ಎದ್ದು ಅವುಗಳನ್ನು ಸೇರಿತು. ಎಲ್ಲವೂ ಕಡಲ ಕಡೆಗೆ ತಿರುಗಿ ಹೋದವು. ಅವು ಕಣ್ಣಿಗೆ ಕಾಣುವಷ್ಟು ಹೊತ್ತೂ ಛತ್ರದ ಜನ ಉಸಿರು ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು.

ಗುರುಮಾತೆ ಕತೆ ನಿಲ್ಲಿಸಿದರು. ಉಳಿದ ಶಿಷ್ಯರು ಆಗಲೇ ಹೊಳೆ ದಾಟಿ ಆಚೆ ದಡದಲ್ಲಿ ಕಾಯುತ್ತಿದ್ದರು. ಚಾಪೆಯ ಮೇಲಿದ್ದವನು ಕೇಳಿದ:

“ಹಾಗಾದರೆ, ತಾಯಿ, ಆ ನಡುಹಗಲಿನ ನೀಲಿ ಆಕಾಶ ಸುಳ್ಳೇ?”

ಗುರುಮಾತೆ ಗಂಟನ್ನು ಹೆಗಲಿಗೇರಿಸಿದರು.

“ಸುಳ್ಳಲ್ಲಪ್ಪ, ನಡೆಯಲಿಕ್ಕೆಂದು ಸಿಕ್ಕ ಬಿಸಿಲು ಅದು, ನೀನು ಅದರಲ್ಲಿ ಚಾಪೆ ಹಾಸಿದೆ.”