ಅರ್ಧ ಚೊಂಬು ನೀರು

"ಗುರುಗಳೇ, ಮೊದಲೆಲ್ಲ ಧ್ಯಾನಕ್ಕೆ ಕೂತರೆ ಮನಸ್ಸು ಹಗುರಾಗುತ್ತಿತ್ತು. ಈಗ ಕೂತಷ್ಟೂ ಭಾರವಾಗುತ್ತಿದೆ. ಈ ಸಾಧನೆ ನನಗೆ ಹೇಳಿದ್ದಲ್ಲ ಎಂದು ಹೊರಟುಬಿಡಲೇ?" ಎಂದು ಶಿಷ್ಯ ಕೇಳಿದ. ಕೇಳುವಾಗ ಚೀಲ ಅವನ ಹೆಗಲ ಮೇಲಿತ್ತು.

ಗುರುಗಳು ಚೀಲವನ್ನೊಮ್ಮೆ ನೋಡಿದರು. ಸನ್ಯಾಸಕ್ಕೆ ಮೊದಲು ಅವರು ಬಣ್ಣದ ಕಾರ್ಖಾನೆಯೊಂದರಲ್ಲಿ ಇದ್ದವರು. ಅಲ್ಲಿನ ಕತೆ ಹೇಳಿದರು.

ಪ್ರಯೋಗಾಲಯದಲ್ಲಿ ಒಬ್ಬ ರಸಾಯನಶಾಸ್ತ್ರಜ್ಞನಿದ್ದ. ಜೇನಿನಂತೆ ಮಂದವಾದ ಪಾಲಿಮರನ್ನು ನೀರಿನಲ್ಲಿ ಕಣಕಣವಾಗಿ ಹರಡಿ ಹಾಲಿನಂತೆ ಮಾಡುವುದು ಅವನ ಕೆಲಸ. ಬಿಸಿ ಪಾಲಿಮರನ್ನು ಕಲಕುತ್ತ ಅದಕ್ಕೆ ಹನಿಹನಿಯಾಗಿ ನೀರು ಬಿಡಬೇಕು. ಆರು ವಾರವಾದರೂ ಹಾಲು ಕಂಡಿರಲಿಲ್ಲ. ಉಳಿದಿದ್ದದ್ದು ಒಂದು ಪಾತ್ರೆಯಷ್ಟು ಪಾಲಿಮರ್. ಸಂಜೆಯೊಳಗೆ ಆಗದಿದ್ದರೆ ಈ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಮೇಲಧಿಕಾರಿ ನಗುನಗುತ್ತಲೇ ಹೇಳಿದ್ದರು.

ಅವನು ನೀರು ಬಿಡತೊಡಗಿದ. ನೀರು ಹೆಚ್ಚಿದಂತೆ ಪಾಲಿಮರ್ ತೆಳುವಾಗುವ ಬದಲು ಗಟ್ಟಿಯಾಯಿತು. ಕಲಕುವ ಯಂತ್ರ ನರಳಿತು. ಮುದ್ದೆ ಕಡ್ಡಿಗೆ ಸುತ್ತಿಕೊಂಡು ಮೇಲೇರಿತು. ಇನ್ನೊಂದು ಹನಿ ಬಿಟ್ಟ. ಇನ್ನಷ್ಟು ಗಟ್ಟಿಯಾಯಿತು. ಹಿಂದೆಯೂ ಪ್ರತಿ ಸಲ ಕೆಲಸ ಇಲ್ಲಿಗೇ ನಿಂತಿತ್ತು. ಎಂದರೆ, ಅವನೇ ನಿಲ್ಲಿಸಿದ್ದ. ಈ ಸಲವೂ ನಿಲ್ಲಿಸಿದ.

ಪಾತ್ರೆಯನ್ನು ತೊಳೆಯಲು ಕೊಟ್ಟು, ಈ ಪಾಲಿಮರ್ ನೀರಿಗೆ ಹೊಂದುವಂಥದ್ದಲ್ಲ ಎಂದು ಎರಡು ಪುಟದ ವರದಿ ಬರೆದ. ವರದಿಯಲ್ಲಿ ಒಂದು ತಪ್ಪೂ ಇರಲಿಲ್ಲ, ತೀರ್ಮಾನ ಒಂದನ್ನು ಬಿಟ್ಟು. ಅದರ ಜೊತೆಗೆ ರಾಜೀನಾಮೆಯನ್ನೂ ಮೇಲಧಿಕಾರಿಗೆ ಕೊಟ್ಟು ಬಂದು, ಚೀಲ ಹೆಗಲಿಗೇರಿಸಿಕೊಂಡ.

ಪಾತ್ರೆ ತೊಳೆಯುವ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. "ಸಾರ್, ಇದನ್ನ ಚೆಲ್ಲಲಾ, ಇಡಲಾ?"

ಪಾತ್ರೆಯಲ್ಲಿ ಬೆಳ್ಳನೆಯ ಹಾಲಿತ್ತು. ಒಂದು ಗಂಟೂ ಇರಲಿಲ್ಲ.

"ಏನು ಹಾಕಿದೆಯಮ್ಮ ಇದಕ್ಕೆ?"

"ನಾನೇನು ಹಾಕಲಿ ಸಾರ್? ನಿಮ್ಮ ಮುದ್ದೆ ಪಾತ್ರೆ ಬಿಟ್ಟರೆ ತಾನೆ. ಬಿಸಿನೀರು ಚಿಮುಕಿಸ್ತಾ ಸೌಟಲ್ಲಿ ತಿರುವಿದೆ. ಗಟ್ಟಿ ಅಂದ್ರೆ ಗಟ್ಟಿ, ರಟ್ಟೆ ಬಿದ್ದುಹೋಯ್ತು. ಇನ್ನೇನು ಬಿಡಬೇಕು ಅನ್ನೋವಾಗ ತಟ್ಟಂತ ನೀರಾಯ್ತು. ಹಿಡಿದ ನೀರು ಅರ್ಧ ಚೊಂಬು ಅಷ್ಟೇ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಲಾಗುವ ಮುಂಚೆ ಹಾಗೆ ಗಟ್ಟಿಯಾಗಲೇಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲವೇ?"

"ಹೇಳಬಲ್ಲ ಹಿರಿಯರು ಅಲ್ಲೇ ಇದ್ದರು, ಅವನು ಬಾಯಿಬಿಟ್ಟು ಕೇಳಿದ್ದು ಚೀಲ ಹೆಗಲಿಗೇರಿಸಿದ ಮೇಲೆ," ಎಂದರು ಗುರುಗಳು.